ಶೇ 5ರ ರಿಯಾಯಿತಿ, ಇಂಡಿಯ ಲಿಂಬೆ

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶ ಮುಗಿದಾಗ ಸರ್ಕಾರ ಘೋಷಿಸಿದ ಹೂಡಿಕೆಯ ಭರವಸೆ 10.27 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ಆಚೆಗೆ, ಶೇ 45ರಷ್ಟು ಉತ್ತರ ಕರ್ನಾಟಕಕ್ಕೆ ಎಂದರು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲ. ಅವರು ವಿಜಯಪುರ ಜಿಲ್ಲೆಯವರೇ. ಅದೇ ವೇದಿಕೆಯಲ್ಲಿ ಬಿಡುಗಡೆಯಾದ 2025–30ರ ಕೈಗಾರಿಕಾ ನೀತಿಯಲ್ಲಿ, ಪತ್ರಿಕೆಗಳ ಒಳಪುಟಕ್ಕೆ ಸರಿದುಹೋದ ಒಂದು ಅಂಶವಿತ್ತು: ನಂಜುಂಡಪ್ಪ ವರದಿ ‘ಅತಿ ಹಿಂದುಳಿದ’ ಎಂದು ಗುರುತಿಸಿದ ತಾಲ್ಲೂಕುಗಳಲ್ಲಿ ಹೂಡಿಕೆ ಮಾಡಿದರೆ ಹೆಚ್ಚುವರಿ ಶೇ 3, ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳಲ್ಲಿ ಮಾಡಿದರೆ ಹೆಚ್ಚುವರಿ ಶೇ 5 ಪ್ರೋತ್ಸಾಹಧನ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಎರಡನೆಯ ಗುಂಪಿಗೆ ಸೇರಿದವು. ಉದ್ಯಮಿಗಳಿಗೆ ತೆರಿಗೆ ಬಿಟ್ಟುಕೊಟ್ಟು, ಸಹಾಯಧನ ಕೊಟ್ಟು ರಾಜ್ಯ ಬೆಳೆಯುತ್ತದೆಯೇ ಎಂಬ ಹಳೆಯ ಜಗಳವನ್ನು ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಆಡುವುದಕ್ಕಿಂತ ಈ ನಾಲ್ಕು ತಾಲ್ಲೂಕುಗಳಲ್ಲಿ ಇಟ್ಟು ನೋಡುವುದು ಒಳ್ಳೆಯದು. ಶೇ 5ರ ಬೆಲೆ ಏನೆಂದು ಗೊತ್ತಾಗುವುದು ಇಲ್ಲಿಯೇ.

ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟದ್ದು 2002ರಲ್ಲಿ. 35 ಸೂಚ್ಯಂಕಗಳನ್ನು ಹಿಡಿದು ತೂಗಿ, ಆಗಿನ ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು, ಐದು ಬೆಳಗಾವಿ ವಿಭಾಗದವು. ಆ ಐದರಲ್ಲಿ ನಾಲ್ಕು ಇವೇ. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿ ಅಂತರ ತುಂಬಬೇಕೆಂಬ ಶಿಫಾರಸೂ ಅದರಲ್ಲಿತ್ತು. ಎರಡು ದಶಕ ದಾಟಿದ ಮೇಲೂ ಹೊಸ ಕೈಗಾರಿಕಾ ನೀತಿ ಅದೇ ಹಳೆಯ ಪಟ್ಟಿಯನ್ನು ಹುಡುಕಿಕೊಂಡು ಹೋಗುತ್ತದೆ ಎಂದರೆ ಅಂತರ ತುಂಬಿಲ್ಲ ಎಂಬುದನ್ನು ಸರ್ಕಾರವೇ ಬರೆದುಕೊಟ್ಟಂತೆ. ಈ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ಪೇಚೂ ಇದೆ. ಭೀಮಾ ನದಿ ದಾಟಿದರೆ ಅಫಜಲಪುರ. ಸಿಂದಗಿಯಿಂದ ಹೆದ್ದಾರಿ ಹಿಡಿದರೆ ಜೇವರ್ಗಿ. ಅಲ್ಲಿ ಸಂವಿಧಾನದ 371 ಜೆ ವಿಧಿ ಇದೆ, ಮೀಸಲಾತಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇದೆ. ಈಚೆಯ ದಡದಲ್ಲಿ ಅದೇ ಎರೆಭೂಮಿ, ಅದೇ ತೊಗರಿ, ಅದೇ ಬರ. ಆದರೆ ನಿಜಾಮನ ಆಳ್ವಿಕೆಗೆ ಬದಲು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾರಣಕ್ಕೆ ಆ ಸವಲತ್ತು ಇಲ್ಲ. ಹೀಗಾಗಿ ಕೈಗಾರಿಕಾ ನೀತಿಯ ರಿಯಾಯಿತಿಯೇ ಇವುಗಳ ಪಾಲಿಗೆ ಬಂದ ಮುಖ್ಯ ‘ವಿಶೇಷ ಸ್ಥಾನಮಾನ’.

ರಿಯಾಯಿತಿ ಹೊಸದೇನಲ್ಲ. ಹಿಂದುಳಿದ ಜಿಲ್ಲೆಗಳಿಗೆ ಹೋಗುವ ಕಾರ್ಖಾನೆಗಳಿಗೆ ಬಂಡವಾಳ ಸಹಾಯಧನ ಕೊಡುವ ಕೇಂದ್ರದ ಯೋಜನೆ 1971ರಲ್ಲಿ ಶುರುವಾಗಿ 1988ರವರೆಗೆ ನಡೆಯಿತು. ಆದಾಯ ತೆರಿಗೆಯ 80 ಎಚ್‌ಎಚ್ ಕಲಮಿನಡಿ ಇಂಥ ಕಡೆ ತೆರೆದ ಉದ್ಯಮದ ಲಾಭದಲ್ಲಿ ಶೇ 20ಕ್ಕೆ ಹತ್ತು ವರ್ಷ ತೆರಿಗೆ ಇರಲಿಲ್ಲ. ತೊಂಬತ್ತರ ದಶಕದಲ್ಲಿ ರಾಜ್ಯಗಳು ಮಾರಾಟ ತೆರಿಗೆ ಬಿಟ್ಟುಕೊಡುವ ಪೈಪೋಟಿಗೆ ಬಿದ್ದು, ಎಲ್ಲರ ಬೊಕ್ಕಸವೂ ಸೋರತೊಡಗಿದಾಗ ಮುಖ್ಯಮಂತ್ರಿಗಳೆಲ್ಲ ಕೂತು 2000ದ ಜನವರಿಯಿಂದ ಅದನ್ನು ನಿಲ್ಲಿಸುವ ಒಪ್ಪಂದಕ್ಕೆ ಬಂದರು. ಒಪ್ಪಂದದ ಹಿಂದೆಯೇ ಮರುಪಾವತಿ, ಬಡ್ಡಿರಹಿತ ಸಾಲ ಎಂಬ ಹೊಸ ಹೆಸರುಗಳೂ ಹುಟ್ಟಿಕೊಂಡವು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆಟದ ನಿಯಮವೇ ಬದಲಾಯಿತು, ಮತ್ತು ಆ ಬದಲಾವಣೆಯ ಪೆಟ್ಟು ಗಡಿ ತಾಲ್ಲೂಕುಗಳಿಗೆ ಹೇಗೆ ಬಿತ್ತು ಎಂಬುದನ್ನು ಬೆಂಗಳೂರಿನ ಚರ್ಚೆಗಳು ಗಮನಿಸಿದ್ದು ಕಡಿಮೆ.

ಜಿಎಸ್‌ಟಿ ಸರಕು ಬಳಕೆಯಾಗುವ ರಾಜ್ಯಕ್ಕೆ ಸೇರುವ ತೆರಿಗೆ. ಇಂಡಿಯಲ್ಲಿ ತಯಾರಾದ ಉಪ್ಪಿನಕಾಯಿ ಪುಣೆಯಲ್ಲಿ ಮಾರಾಟವಾದರೆ ಅದರ ರಾಜ್ಯ ಪಾಲು ಮಹಾರಾಷ್ಟ್ರಕ್ಕೆ ಹೋಗುತ್ತದೆ. ಕರ್ನಾಟಕದ ಕೈಗೆ ಬಾರದ ತೆರಿಗೆಯನ್ನು ಕರ್ನಾಟಕ ಮರಳಿಸುವುದು ಹೇಗೆ? ಬೆಂಗಳೂರಿನ ಮಾರುಕಟ್ಟೆಗೇ ಸರಕು ಕಳಿಸುವ ತುಮಕೂರಿನ ಘಟಕಕ್ಕೆ ತೆರಿಗೆ ಮರುಪಾವತಿ ಎಂದರೆ ಅರ್ಥವಿದೆ. ಇಂಡಿಯ ಪೇಟೆ ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದ್. ಬೆಂಗಳೂರು ದೂರದ ಊರು. ಮಹಾರಾಷ್ಟ್ರದ 2019ರ ಪ್ರೋತ್ಸಾಹ ಯೋಜನೆ ಆ ರಾಜ್ಯದೊಳಗಿನ ಮಾರಾಟದ ಮೇಲಿನ ರಾಜ್ಯ ಜಿಎಸ್‌ಟಿಯನ್ನೇ ಲೆಕ್ಕಕ್ಕೆ ಹಿಡಿದದ್ದರಿಂದ, ಪುಣೆಗೆ ಸರಕು ಮಾರುವ ಉದ್ಯಮಿ ಧೂಳಖೇಡದ ಈಚೆ ನಿಲ್ಲುವುದಕ್ಕಿಂತ ಆಚೆ ಸೊಲ್ಲಾಪುರದ ಕಡೆ ಜಾಗ ಹಿಡಿಯುವುದು ಅವನ ಲೆಕ್ಕಕ್ಕೆ ಸರಿ. ಕರ್ನಾಟಕ 2020–25ರ ನೀತಿಯಲ್ಲೇ ತೆರಿಗೆ ಮರುಪಾವತಿಯ ದಾರಿ ಬಿಟ್ಟು ವಹಿವಾಟಿನ ಆಧಾರದ ಪ್ರೋತ್ಸಾಹಕ್ಕೆ ಹೊರಳಿತು. ಈಗಿನ ನೀತಿ ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧಾರಿತ ಪ್ರೋತ್ಸಾಹ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತದೆ. ಈ ಹೊರಳು ಸರಿಯಾದದ್ದೇ. ನನ್ನ ತಕರಾರು ಇರುವುದು ಹೊರಳಿದ ಮೇಲೆ ಕೈಗೆತ್ತಿಕೊಂಡ ಅಳತೆಗೋಲಿನ ಬಗ್ಗೆ: ಎಷ್ಟು ಕೋಟಿ ಹೂಡಿದಿರಿ, ಎಷ್ಟು ಮಾರಿದಿರಿ ಎಂಬುದೇ ಕೊಡುಗೆಯನ್ನು ನಿರ್ಧರಿಸುತ್ತದೆ, ಇಲ್ಲಿನ ಎಷ್ಟು ಜನರಿಗೆ ಪಗಾರ ಹೋಯಿತು, ಇಲ್ಲಿನ ಎಷ್ಟು ಬೆಳೆಯನ್ನು ಕೊಂಡಿರಿ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಈ ನಾಲ್ಕು ತಾಲ್ಲೂಕುಗಳಿಗೆ ಕೈಗಾರಿಕೆ ಬಂದೇ ಇಲ್ಲವೆಂದರೆ ಸುಳ್ಳಾಗುತ್ತದೆ. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ, ನಾದ ಕೆ.ಡಿ.ಯಲ್ಲಿ ಜಮಖಂಡಿ ಶುಗರ್ಸ್‌ನ ಘಟಕ, ಆಲಮೇಲದಲ್ಲಿ ಕೊಯಮತ್ತೂರು ಮೂಲದ ಕೆಪಿಆರ್ ಕಾರ್ಖಾನೆ, ಮುದ್ದೇಬಿಹಾಳದ ಯರಗಲ್ಲದಲ್ಲಿ ಬಾಲಾಜಿ ಶುಗರ್ಸ್. ಇವು ಬಂದದ್ದು ಏಕೆ ಎಂದು ಕೇಳಿಕೊಳ್ಳಬೇಕು. ಹಿಂದುಳಿದ ಪ್ರದೇಶದ ರಿಯಾಯಿತಿ ಎಪ್ಪತ್ತರ ದಶಕದಿಂದಲೂ ಒಂದಲ್ಲ ಒಂದು ರೂಪದಲ್ಲಿ ಇತ್ತು. ಆಗ ಈ ಭಾಗದಲ್ಲಿ ಕಬ್ಬು ನುರಿಸುವ ಸಾಲು ಕಾರ್ಖಾನೆಗಳು ಎದ್ದಿರಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ ಲೋಕಾರ್ಪಣೆಯಾದದ್ದು 2006ರಲ್ಲಿ. ನಾರಾಯಣಪುರ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ, ಕೆರೆ ತುಂಬುವ ಯೋಜನೆಗಳು ಹಿಂದೆ ಮುಂದೆ ಬಂದವು. ಭೀಮಾ ದಂಡೆಯಲ್ಲಿ ಬಾಂದಾರಗಳಾದವು. ನೀರು ಬಂತು, ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ ಬಂತು. ಜೊತೆಗೆ 1998ರಲ್ಲಿ ಸಕ್ಕರೆಗೆ ಲೈಸೆನ್ಸ್ ತೆಗೆದದ್ದು, ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕೆಂಬ ನಿಯಮ, ಆಮೇಲೆ ಎಥೆನಾಲ್ ಖರೀದಿಯ ಖಾತ್ರಿ. ಕಾರ್ಖಾನೆಗಳು ತಮಗೆ ಸಿಕ್ಕ ಸವಲತ್ತುಗಳನ್ನೂ ಪಡೆದುಕೊಂಡಿವೆ, ಯಾರೂ ಬೇಡವೆನ್ನುವುದಿಲ್ಲ. ಆದರೆ ಕಾಲುವೆ ಇಲ್ಲದಿದ್ದರೆ ಎಷ್ಟೇ ಶೇಕಡಾ ಕೊಟ್ಟರೂ ಆಲಮೇಲದಲ್ಲಿ ಗಾಣ ತಿರುಗುತ್ತಿರಲಿಲ್ಲ. ಎರೆಭೂಮಿಗೆ ಕಬ್ಬು ತಕ್ಕ ಬೆಳೆಯೇ, ಕಾಲುವೆಯ ಬಾಲದ ಊರುಗಳಿಗೆ ನೀರು ಉಳಿಯುತ್ತದೆಯೇ ಎಂಬುದು ಬೇರೆಯೇ ಜಗಳ. ಅದನ್ನು ಇಲ್ಲಿ ತೆಗೆಯುವುದಿಲ್ಲ.

ಇನ್ನೊಂದು ತುದಿಯ ಉದಾಹರಣೆ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿ. ಅಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ: 800 ಮೆಗಾವಾಟ್‌ನ ಮೂರು ಘಟಕ, ಒಟ್ಟು 2,400 ಮೆಗಾವಾಟ್, ಹೂಡಿಕೆ ಸುಮಾರು 15 ಸಾವಿರ ಕೋಟಿ ರೂಪಾಯಿ. ನೀರು ಆಲಮಟ್ಟಿಯದು, ನೆಲ ಸುತ್ತಲಿನ ಹಳ್ಳಿಗಳ ರೈತರದು, ಕಲ್ಲಿದ್ದಲು ರೈಲಿನಲ್ಲಿ ಹೊರಗಿನಿಂದ. ಬಂಡವಾಳದ ಲೆಕ್ಕ ಹಿಡಿದರೆ ಈ ನಾಲ್ಕು ತಾಲ್ಲೂಕುಗಳ ಇತಿಹಾಸದಲ್ಲೇ ಇದಕ್ಕಿಂತ ದೊಡ್ಡ ಉದ್ಯಮ ಬಂದಿಲ್ಲ. ಜಿಲ್ಲೆಯ ಒಟ್ಟು ಉತ್ಪನ್ನದ ಅಂಕಿಯನ್ನು ಇದೊಂದೇ ಎತ್ತಿ ಹಿಡಿಯಬಲ್ಲದು. ಆದರೆ ಇಂಥ ಯಂತ್ರಪ್ರಧಾನ ಸ್ಥಾವರ ಹೂಡಿಕೆಗೆ ತಕ್ಕಷ್ಟು ಕೆಲಸ ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ವಿದ್ಯುತ್ ಜಿಎಸ್‌ಟಿಯ ಹೊರಗಿದೆ, ಕರೆಂಟು ಹಲವು ರಾಜ್ಯಗಳಿಗೆ ಹೋಗುತ್ತದೆ. ಕೂಡಗಿಯನ್ನು ದೂಷಿಸಲು ಈ ಮಾತಲ್ಲ, ದೇಶಕ್ಕೆ ವಿದ್ಯುತ್ ಬೇಕು. ಅದು ಕೈಗಾರಿಕಾ ನೀತಿಯ ರಿಯಾಯಿತಿ ನೋಡಿ ಬಂದದ್ದೂ ಅಲ್ಲ. ಆದರೂ ಒಂದು ಪಾಠ ಅಲ್ಲಿ ಎದ್ದು ಕಾಣುತ್ತದೆ: ಸಾವಿರಾರು ಕೋಟಿ ಹೂಡಿಕೆ ಒಂದು ತಾಲ್ಲೂಕಿಗೆ ಬಂದ ಮೇಲೂ ಪಕ್ಕದ ತಾಂಡಾಗಳಿಂದ ಗೋವಾಕ್ಕೆ, ಕೊಲ್ಹಾಪುರದ ಕಬ್ಬಿನ ಗದ್ದೆಗೆ, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ನಿಲ್ಲಲೇಬೇಕೆಂದೇನೂ ಇಲ್ಲ.

ಈಗ ಶೇ 5ನ್ನು ಸರಳ ಲೆಕ್ಕಕ್ಕೆ ಇಳಿಸೋಣ. ಬಂಡವಾಳ ಸಹಾಯಧನದ ದಾರಿಯಲ್ಲಿ ಇದನ್ನು ಪಡೆಯುವ ಎರಡು ಘಟಕಗಳನ್ನು ಊಹಿಸಿಕೊಳ್ಳಿ. ಒಂದು, ಹತ್ತು ಕೋಟಿ ಹಾಕಿ 200 ಜನರಿಗೆ ಕೆಲಸ ಕೊಡುವ ಲಿಂಬೆ ಸಂಸ್ಕರಣಾ ಘಟಕ. ಇನ್ನೊಂದು, ಸಾವಿರ ಕೋಟಿ ಹಾಕಿ 50 ಜನರನ್ನಷ್ಟೇ ಇಟ್ಟುಕೊಂಡು ನಡೆಯುವ ಯಂತ್ರಪ್ರಧಾನ ಘಟಕ. ಮೊದಲನೆಯದಕ್ಕೆ ಹೆಚ್ಚುವರಿಯಾಗಿ ಸಿಗುವುದು 50 ಲಕ್ಷ, ಅಂದರೆ ಒಂದು ನೌಕರಿಗೆ 25 ಸಾವಿರ ರೂಪಾಯಿ. ಎರಡನೆಯದಕ್ಕೆ 50 ಕೋಟಿ, ಒಂದು ನೌಕರಿಗೆ ಒಂದು ಕೋಟಿ. ಕೆಲಸ ಬೇಕೆಂದು ಕೂಗುವ ತಾಲ್ಲೂಕಿನಲ್ಲಿ ಸರ್ಕಾರದ ಹಣ ಕೆಲಸ ಕೊಡದ ಕಡೆಗೇ ಹರಿಯುವಂತೆ ಲೆಕ್ಕ ಹಾಕಿಟ್ಟಂತಾಯಿತು. ಕನ್ನಡಿಗರಿಗೆ ಉದ್ಯೋಗ ಕೊಡಬೇಕೆಂಬ ಷರತ್ತು ನೀತಿಯಲ್ಲಿದೆ ಎನ್ನಬಹುದು. ಇದೆ, ನಿಜ. ಆದರೆ ಐವತ್ತು ನೌಕರಿಗಳಲ್ಲಿ ಮುಕ್ಕಾಲು ಭಾಗ ಸ್ಥಳೀಯರಿಗೇ ಕೊಟ್ಟರೂ ನಲವತ್ತು ದಾಟುವುದಿಲ್ಲ. ಷರತ್ತು ಇರುವ ನೌಕರಿಯನ್ನು ಹಂಚುತ್ತದೆ, ನೌಕರಿಯನ್ನು ಹುಟ್ಟಿಸುವುದಿಲ್ಲ.

ಲಿಂಬೆಯ ಮಾತು ಉಪಮೆಗಾಗಿ ಎತ್ತಿದ್ದಲ್ಲ. ‘ಇಂಡಿ ಲಿಂಬೆ’ಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದು ಇಂಡಿಯಲ್ಲೇ. ತೆಳು ಸಿಪ್ಪೆಯ, ರಸ ಜಾಸ್ತಿಯಿರುವ ಕಾಗ್ಜಿ ಲಿಂಬೆ ಇದು. ತೋಟದವನ ಕಸುಬೆಲ್ಲ ಹಂಗಾಮು ತಪ್ಪಿಸುವುದರಲ್ಲಿದೆ: ಗಿಡಕ್ಕೆ ಕೆಲವು ವಾರ ನೀರು ಬಿಗಿಹಿಡಿದು ಬಾಡಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಹೂ ಬಿಡಿಸಿದರೆ ಬೇಸಿಗೆಗೆ ಕಾಯಿ ಸಿಗುತ್ತದೆ. ಬೇಸಿಗೆಯ ಹಣ್ಣಿಗೆ ರೇಟು. ಮಳೆಗಾಲದ ಹಣ್ಣು ಒಮ್ಮೆಲೇ ಬರುತ್ತದೆ. ಆಗ ಬಿಡಿಸುವ ಕೂಲಿ, ಚೀಲ, ಲಾರಿ ಬಾಡಿಗೆ ಕಳೆದರೆ ಕೈಗೆ ಬರುವುದು ಅಷ್ಟಕ್ಕಷ್ಟೇ. ನೆರಳಲ್ಲಿ ರಾಶಿ ಹಾಕಿ, ಹಳದಿ ತಿರುಗಿದ್ದನ್ನು ಹಸಿರಿನಿಂದ ಬೇರ್ಪಡಿಸಿ, ಸಣ್ಣದು ದೊಡ್ಡದು ಆರಿಸಿ ಚೀಲ ತುಂಬುವವರು ಬಹುಪಾಲು ಹೆಣ್ಣುಮಕ್ಕಳು. ದಿನ ತಡವಾದಷ್ಟೂ ಸಿಪ್ಪೆ ಕಂದುತ್ತದೆ, ತೂಕ ಇಳಿಯುತ್ತದೆ. ಆ ಮಳೆಗಾಲದ ಹಣ್ಣನ್ನು ರಸ, ಉಪ್ಪಿನಕಾಯಿ, ಸಿಪ್ಪೆಯೆಣ್ಣೆ, ಪೆಕ್ಟಿನ್ ಆಗಿಸುವ ಘಟಕಕ್ಕೆ ಬೇಕಾದದ್ದು ಬಂಡವಾಳದ ಮೇಲಿನ ಶೇ 5 ಒಂದೇ ಅಲ್ಲ. ಮೂರು ತಿಂಗಳು ಹಗಲಿರುಳು ನಿಲ್ಲದ ತ್ರೀ ಫೇಸ್ ಕರೆಂಟು, ಶೀತಲಗೃಹ, ಶುದ್ಧ ನೀರು, ಒಮ್ಮೆಲೇ ಹಣ್ಣು ಕೊಳ್ಳಲು ದುಡಿಯುವ ಬಂಡವಾಳದ ಸಾಲ. ಹಂಗಾಮಿನಲ್ಲಷ್ಟೇ ಓಡುವ ಸಣ್ಣ ಘಟಕ ಬೀಳುವುದು ಬಡ್ಡಿಯ ಭಾರಕ್ಕೆ. ಯಂತ್ರ ತರುವಾಗ ಸಿಕ್ಕ ಸಹಾಯಧನ ಆ ಹೊತ್ತಿಗೆ ಮುಗಿದ ಕಥೆ.

ಒಣದ್ರಾಕ್ಷಿಯದೂ ಇದೇ ಹಾಡು, ರಾಗ ಮಾತ್ರ ಬೇರೆ. ಜಿಲ್ಲೆಯ ಶೆಡ್ಡುಗಳಲ್ಲಿ ಒಣಗಿದ ದ್ರಾಕ್ಷಿಯ ದೊಡ್ಡ ಪಾಲು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಯ ಶೀತಲಗೃಹಗಳಿಗೆ ಹೋಗಿ ಅಲ್ಲಿಯ ಸವಾಲಿನಲ್ಲಿ ಮಾರಾಟವಾಗುತ್ತದೆ. ವಿಜಯಪುರ ಎಪಿಎಂಸಿಯಲ್ಲಿ ಆನ್‌ಲೈನ್ ಮಾರಾಟ ಬಂದಿದ್ದರೂ ಹಳೆಯ ದಾರಿ ಇನ್ನೂ ಸವೆದಿಲ್ಲ. ಶೀತಲಗೃಹದ ಬಾಡಿಗೆ, ಅಡತಿ, ಆರಿಸುವ ಕೂಲಿ, ಪ್ಯಾಕಿಂಗ್, ಎಲ್ಲವೂ ಗಡಿಯಾಚೆ ಉಳಿಯುತ್ತವೆ. ಈ ಬೆಳೆಗಾರರಿಗೆ ಈಚೆಗೆ ನಿಜಕ್ಕೂ ಉಪಯೋಗಕ್ಕೆ ಬಂದ ತೆರಿಗೆ ನಿರ್ಧಾರ ಯಾವುದೆಂದರೆ, 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ರೈತನೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲವೆಂದು ಸ್ಪಷ್ಟಪಡಿಸಿದ್ದು. ಅದಕ್ಕೆ ಸಮಾವೇಶವೂ ಬೇಕಾಗಲಿಲ್ಲ, ಒಡಂಬಡಿಕೆಯೂ ಬೇಕಾಗಲಿಲ್ಲ.

ಇದಕ್ಕೆ ಎದುರು ವಾದ ಗಟ್ಟಿಯಾಗಿಯೇ ಇದೆ. ರಿಯಾಯಿತಿಯಿಂದ ಕೈಗಾರಿಕೆ ಬಂದದ್ದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ: 2003ರಲ್ಲಿ ಹಿಮಾಚಲ ಪ್ರದೇಶ, ಉತ್ತರಾಖಂಡಗಳಿಗೆ ಕೇಂದ್ರ ಅಬಕಾರಿ ಸುಂಕ ಮತ್ತು ಆದಾಯ ತೆರಿಗೆಯ ವಿನಾಯಿತಿ ಕೊಟ್ಟಾಗ ಕಾರ್ಖಾನೆಗಳೂ ನೌಕರಿಗಳೂ ಗಣನೀಯವಾಗಿ ಹೆಚ್ಚಿದವು ಎಂದು ಅರ್ಥಶಾಸ್ತ್ರಜ್ಞ ರಿತಂ ಚೌರೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಇದನ್ನು ತಳ್ಳಿಹಾಕಲಾಗದು. ಆದರೆ ಆ ಕಾರ್ಖಾನೆಗಳು ಎಲ್ಲಿ ನಿಂತವು ನೋಡಿ. ಚಂಡೀಗಡಕ್ಕೆ ಅಂಟಿಕೊಂಡ ಬದ್ದಿಯಲ್ಲಿ, ಬಯಲಿನ ಹರಿದ್ವಾರದಲ್ಲಿ, ಉಧಮ್ ಸಿಂಗ್ ನಗರದಲ್ಲಿ. ಪಿಥೋರಗಡದ ಬೆಟ್ಟಕ್ಕೂ ಅದೇ ವಿನಾಯಿತಿ ಇತ್ತು. ಕಾರ್ಖಾನೆಗಳು ಬೆಟ್ಟ ಹತ್ತಲಿಲ್ಲ. ರಿಯಾಯಿತಿ ಸಮನಾಗಿದ್ದಲ್ಲಿ ಬಂಡವಾಳ ರಸ್ತೆ, ಮಾರುಕಟ್ಟೆ ಹತ್ತಿರವಿರುವ ಮೂಲೆಗೆ ಹೋಗುತ್ತದೆ. ಇದನ್ನು ನಂಜುಂಡಪ್ಪ ಪಟ್ಟಿಯ ಪಕ್ಕದಲ್ಲಿಟ್ಟರೆ ಆತಂಕವಾಗುತ್ತದೆ. ಆ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಕನಕಪುರ, ಮಾಗಡಿ, ಕುಣಿಗಲ್, ಶಿರಾ ಕೂಡ ಇವೆ. 2002ರಲ್ಲಿ ಅವು ಹಿಂದುಳಿದಿದ್ದು ನಿಜವಿರಬಹುದು. ಈಗ ಬೆಂಗಳೂರು ಅವುಗಳ ಬಾಗಿಲಿಗೇ ಬಂದು ನಿಂತಿದೆ. ಮಾಗಡಿಗೂ ಮುದ್ದೇಬಿಹಾಳಕ್ಕೂ ಒಂದೇ ಹಣೆಪಟ್ಟಿ ಅಂಟಿಸಿದರೆ ಉದ್ಯಮಿ ಯಾವ ಕಡೆ ಕಾರು ತಿರುಗಿಸುತ್ತಾನೆಂದು ಹೇಳಲು ಅರ್ಥಶಾಸ್ತ್ರ ಓದಬೇಕಿಲ್ಲ. ಮುದ್ದೇಬಿಹಾಳಕ್ಕೆ, ಸಿಂದಗಿಗೆ ಇಂದಿಗೂ ರೈಲು ಇಲ್ಲ.

ನಾವು ಕೊಡದಿದ್ದರೆ ಪಕ್ಕದ ರಾಜ್ಯ ಕೊಡುತ್ತದೆ ಎಂಬುದು ಇನ್ನೊಂದು ಆಕ್ಷೇಪ, ಮಂತ್ರಿಗಳ ಬಾಯಲ್ಲಿ ಹೆಚ್ಚು ಕೇಳುವಂಥದು. ಚಿಪ್ಪು, ಫೋನು, ವಿಮಾನದ ಬಿಡಿಭಾಗಗಳ ದೊಡ್ಡ ಕಂಪನಿಗಳ ಮಟ್ಟಿಗೆ ಇದು ಒಪ್ಪುವ ಮಾತೇ. ಅವು ಚೆನ್ನೈ, ಹೈದರಾಬಾದ್, ಬೆಂಗಳೂರುಗಳನ್ನು ತೂಗಿ ನೋಡುತ್ತವೆ. ಆದರೂ ಎಷ್ಟು ನಿರ್ಧಾರಗಳು ರಿಯಾಯಿತಿಯಿಂದಲೇ ಬದಲಾಗುತ್ತವೆ ಎಂಬ ಪ್ರಶ್ನೆಗೆ, ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಹಿಂದಿನ ಅಧ್ಯಯನಗಳನ್ನು ಜಾಲಾಡಿ 2018ರಲ್ಲಿ ಕೊಟ್ಟ ಅಂದಾಜು ನೂರಕ್ಕೆ 2ರಿಂದ 25. ಉಳಿದವರು ಹೇಗಿದ್ದರೂ ಬರುತ್ತಿದ್ದವರು. ಅವರಿಗೆ ಕೊಟ್ಟದ್ದು ದಾನ. ಈಗ ನಮ್ಮ ದೇವನಹಳ್ಳಿಗೂ ಬಂದಿರುವ ಫಾಕ್ಸ್‌ಕಾನ್ 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ 13 ಸಾವಿರ ನೌಕರಿ ಕೊಡುವೆನೆಂದಿತು; ರಾಜ್ಯ ಸುಮಾರು 300 ಕೋಟಿ ಡಾಲರ್‌ನ ಕೊಡುಗೆಗೆ ಒಪ್ಪಿತು. 2021ಕ್ಕೆ ಬರುವಾಗ ಮಾತು 1,454 ನೌಕರಿಗೆ, 8 ಕೋಟಿ ಡಾಲರ್‌ಗೆ ಇಳಿದಿತ್ತು. ವಿಸ್ಕಾನ್ಸಿನ್ ಪೂರ್ತಿ ಮುಳುಗದೆ ಉಳಿದದ್ದು ಒಂದು ಷರತ್ತಿನಿಂದ: ನೌಕರಿ ಎಣಿಸಿ ಆಮೇಲೆ ಹಣ. ರಸ್ತೆ, ಭೂಮಿಗೆಂದು ಸ್ಥಳೀಯ ಆಡಳಿತ ಮೊದಲೇ ಸುರಿದ ದುಡ್ಡು ಮಾತ್ರ ಹೋಯಿತು. ಇಂಡಿಯ ಲಿಂಬೆ, ಸಿಂದಗಿಯ ತೊಗರಿಗಂತೂ ಈ ಪೈಪೋಟಿಯ ವಾದವೇ ಪೂರ್ತಿ ಹೊಂದುವುದಿಲ್ಲ. ಲಿಂಬೆ ತೋಟವನ್ನು ಕಿತ್ತು ಹೊಸೂರಿಗೆ ಒಯ್ಯಲಾಗದು. ಬೆಳೆಯ ಮೊದಲ ಸಂಸ್ಕರಣೆ ಬೆಳೆಯ ಹತ್ತಿರವೇ ಆದರೆ ಲಾಭ; ಇಲ್ಲಿ ಸ್ಪರ್ಧಿ ಇದ್ದರೆ ಸೊಲ್ಲಾಪುರ ಒಂದೇ, ಮತ್ತು ಅದರ ಮೇಲುಗೈ ಇರುವುದು ರೈಲು, ಶೀತಲಗೃಹ, ಹಳೆಯ ಪೇಟೆಯಲ್ಲಿ.

ಹಾಗಾದರೆ ಆ ಹಣವನ್ನು ಸರ್ಕಾರವೇ ರಸ್ತೆ, ಕಾಲುವೆಗೆ ಹಾಕಲಿ ಎಂದರೆ, ಅದೂ ಸೋರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೋರುತ್ತದೆ. ನಂಜುಂಡಪ್ಪ ಯೋಜನೆಯ ಹಣ ಹರಿದ ಮೇಲೂ ಪಟ್ಟಿ ಹಾಗೆಯೇ ಉಳಿದದ್ದು ಈ ಅನುಮಾನಕ್ಕೆ ಪುಷ್ಟಿ ಕೊಡುತ್ತದೆ. ಬೊಕ್ಕಸದ ಮೇಲೆ ಬೇರೆ ಭಾರವೂ ಕಡಿಮೆಯಿಲ್ಲ: ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಮುಳುಗುವ 75 ಸಾವಿರ ಎಕರೆಗೆ, ನೀರಾವರಿ ಜಮೀನಾದರೆ ಎಕರೆಗೆ 40 ಲಕ್ಷ, ಒಣ ಜಮೀನಾದರೆ 30 ಲಕ್ಷ ರೂಪಾಯಿ ಪರಿಹಾರ ಕೊಡಲು ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿದೆ. ಇಂಥ ಹೊತ್ತಿನಲ್ಲಿ ಬಿಟ್ಟುಕೊಟ್ಟ ಪ್ರತಿ ರೂಪಾಯಿಗೂ ಲೆಕ್ಕ ಬೇಕು. ಕೇಂದ್ರ ಬಜೆಟ್ 2006–07ರಿಂದಲೂ ತೆರಿಗೆ ವಿನಾಯಿತಿಯಿಂದ ಕೈಬಿಟ್ಟ ಆದಾಯದ ಪಟ್ಟಿ ಕೊಡುತ್ತಿದೆ. ರಾಜ್ಯವೂ ತಾಲ್ಲೂಕುವಾರು ಕೊಡಲಿ: ಯಾವ ಘಟಕಕ್ಕೆ ಎಷ್ಟು ಹೋಯಿತು, ಅದು ಎಷ್ಟು ಜನರ ಹೆಸರಲ್ಲಿ ಭವಿಷ್ಯನಿಧಿ ಕಟ್ಟಿತು, ಎಷ್ಟು ಬೆಳೆಯನ್ನು ಜಿಲ್ಲೆಯೊಳಗೆ ಕೊಂಡಿತು. ನೌಕರಿ ಎಣಿಸುವುದು ಕಷ್ಟವೆಂಬ ನೆಪ ಈಗ ನಡೆಯದು. 2025ರ ಆಗಸ್ಟ್‌ನಿಂದ ಕೇಂದ್ರವೇ ಹೊಸ ನೌಕರನೊಬ್ಬನಿಗೆ ತಿಂಗಳಿಗೆ ಗರಿಷ್ಠ 3 ಸಾವಿರ ರೂಪಾಯಿಯಂತೆ ಮಾಲೀಕರಿಗೆ ಕೊಡುವ ಯೋಜನೆಯನ್ನು ಭವಿಷ್ಯನಿಧಿಯ ದಾಖಲೆ ನೋಡಿಯೇ ನಡೆಸುತ್ತಿದೆ. ರಾಜ್ಯದ ಹೆಚ್ಚುವರಿ ಶೇ 5ನ್ನೂ ಹೂಡಿದ ಕೋಟಿಯ ಮೇಲಿನಿಂದ ಇಳಿಸಿ, ಕೊಟ್ಟ ಪಗಾರ ಮತ್ತು ಕೊಂಡ ಬೆಳೆಯ ಮೇಲೆ, ವರ್ಷಕ್ಕೊಮ್ಮೆ, ಐದಾರು ವರ್ಷ ಕೊಡಲು ಅಡ್ಡಿಯೇನಿಲ್ಲ. ದೊಡ್ಡ ಹೂಡಿಕೆದಾರರು ಇದರಿಂದ ಮುನಿಸಿಕೊಳ್ಳಬಹುದು. ಜನರಿಗೆ ಪಗಾರ ಕೊಡುವ ಘಟಕ ಮುನಿಸಿಕೊಳ್ಳಲು ಕಾರಣವಿಲ್ಲ. ಅದಕ್ಕೆ ಈಗಿನದಕ್ಕಿಂತ ಹೆಚ್ಚೇ ಸಿಗುತ್ತದೆ.

ಇದಕ್ಕೂ ಮುಂಚೆ ಪಟ್ಟಿ ಬದಲಾಗಬೇಕು. ನಂಜುಂಡಪ್ಪ ಸಮಿತಿ ಕಂಡ ಈ ನಾಲ್ಕು ತಾಲ್ಲೂಕುಗಳು ಇಂದು ಹತ್ತಾಗಿವೆ: ಇಂಡಿಯಿಂದ ಚಡಚಣ, ಸಿಂದಗಿಯಿಂದ ಆಲಮೇಲ ಮತ್ತು ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಕೊಲ್ಹಾರ, ನಿಡಗುಂದಿಗೆ ಕೃಷ್ಣೆ, ಆಲಮೇಲಕ್ಕೆ ಭೀಮಾ ಮತ್ತು ಸಕ್ಕರೆ ಕಾರ್ಖಾನೆ. ದೇವರಹಿಪ್ಪರಗಿಯ ಹೊಲಗಳು ಮಳೆಯನ್ನೇ ನೆಚ್ಚಿಕೊಂಡವು. ಹಳೆಯ ಗಡಿಯೊಳಗೆ ಎಲ್ಲವೂ ಒಂದೇ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಹೊಸ ಅಳತೆ ಪ್ರಾಮಾಣಿಕವಾಗಿದ್ದರೆ ಕನಕಪುರ, ಮಾಗಡಿ ಪಟ್ಟಿಯಿಂದ ಹೊರಬೀಳಬೇಕು. ಆಲಮೇಲವೂ ಒಂದು ಮೆಟ್ಟಿಲು ಮೇಲೇರಬೇಕಾದೀತು. ಹಿಂದುಳಿದ ಹಣೆಪಟ್ಟಿ ಕಳಚಬೇಡಿ ಎಂದು ಮೊದಲ ಮನವಿ ಹಿಡಿದು ವಿಧಾನಸೌಧಕ್ಕೆ ಬರುವವರು ಆಯಾ ಕ್ಷೇತ್ರದ ಶಾಸಕರೇ ಆಗಿರುತ್ತಾರೆ.